ನಗರದ ಗುರುತುಗಳೂ ಛಾಯಾಚಿತ್ರದ ತಿದ್ದುಪಡಿಯೂ



ನಾನು ವಾಸವಾಗಿರುವುದು ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಬ್ರೂಕ್‌ಫೀಲ್ಡ್ ಎಂಬ ಬಡಾವಣೆಯಲ್ಲಿ. ಮೊದಲ ಸಲ ಮನೆಗೆ ಬರುವ ನೆಂಟರು "ನಿಮ್ಮ ಮನೆಗೆ ಗುರುತೇನು?" ಎಂದು ಕೇಳುವುದುಂಟು. ಬಸವನಗುಡಿಯವರಾದರೆ ಈ ಪ್ರಶ್ನೆಗೆ ದೊಡ್ಡ ಬಸವಣ್ಣನ ಗುಡಿಯನ್ನು ಹೇಳಿ ನಿಶ್ಚಿಂತರಾಗಿರುತ್ತಾರೆ. ನಾನು ಕುಂದಲಹಳ್ಳಿಯ ಮೆಟ್ರೋ ನಿಲ್ದಾಣವನ್ನು ಹೇಳಬೇಕು. ಆ ನಿಲ್ದಾಣ ತೆರೆದದ್ದು 2023ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ. ಅದಕ್ಕೆ ಮೊದಲು ನಾನು ಹೇಳುತ್ತಿದ್ದ ಗುರುತು ಒಂದು ಅಂಗಡಿ. ಅದಕ್ಕೂ ಮೊದಲು ಒಂದು ಮರ. ಮರ ಹೋಯಿತು, ಅಂಗಡಿಯೂ ಹೋಯಿತು. ಗುರುತು ಹೇಳುವ ನಾನು ಮಾತ್ರ ಅಲ್ಲಿಯೇ ಇದ್ದೇನೆ.

ಗುರುತುಗಳು ಇಷ್ಟು ಬೇಗ ಬದಲಾಗುವ ಊರಿನಲ್ಲಿ ಅವುಗಳ ಛಾಯಾಚಿತ್ರ ತೆಗೆಯುವುದು ಕೇವಲ ವಿನೋದವಲ್ಲ. ಅದು ಒಂದು ಬಗೆಯ ದಾಖಲೆಯ ಕೆಲಸ. ಈಗ ಕ್ಯಾಮರಾ ಇಲ್ಲದ ಜೇಬೇ ಇಲ್ಲ. ಹಿಂದೆ ಸ್ಟುಡಿಯೋದ ಕತ್ತಲ ಕೋಣೆಯಲ್ಲಿ ಒಬ್ಬ ನುರಿತ ಕೆಲಸಗಾರನು ದಿನವೆಲ್ಲಾ ಕುಳಿತು ಮಾಡುತ್ತಿದ್ದ ತಿದ್ದುಪಡಿಯನ್ನು ಇಂದು ಕಾಲೇಜಿನ ಹುಡುಗನು ಬಸ್ಸಿಗೆ ಕಾಯುತ್ತಾ ಹೆಬ್ಬೆರಳಿನಿಂದ ಮಾಡಿ ಮುಗಿಸುತ್ತಾನೆ. ಚಿತ್ರವನ್ನು ತೆಗೆಯುವುದು ಹೇಗೆ, ತೆಗೆದ ಮೇಲೆ ಅದನ್ನು ಎಷ್ಟರಮಟ್ಟಿಗೆ ತಿದ್ದಬಹುದು, ಎಲ್ಲಿ ಕೈ ತಡೆಯಬೇಕು ಎಂಬ ವಿಷಯವಾಗಿ ನನಗೆ ತೋರಿದ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತೇನೆ. ನಾನು ವೃತ್ತಿಯಿಂದ ಛಾಯಾಗ್ರಾಹಕನಲ್ಲ, ಪಾಠ ಹೇಳುವವನು. ಆದರೆ ಈ ಹವ್ಯಾಸದಲ್ಲಿ ಒಂದು ದೊಡ್ಡ ತಪ್ಪನ್ನು ಮಾಡಿದ್ದೇನೆ. ತಪ್ಪು ಮಾಡಿದವನಿಗೆ ಮಾತನಾಡುವ ಹಕ್ಕು ಸ್ವಲ್ಪ ಉಂಟೆಂದು ಭಾವಿಸುತ್ತೇನೆ.

ಮೊದಲು ತೆಗೆಯುವ ವಿಚಾರ. ಕಟ್ಟಡದ ಚಿತ್ರವನ್ನು ಬರೆಯುವವನು ನಿಜವಾಗಿ ಸೂರ್ಯನು. ನಾವು ಅವನ ವೇಳೆಯನ್ನು ತಿಳಿದು ಹೋಗಬೇಕಾದವರು. ಇದಕ್ಕೆ ನಮ್ಮ ನಗರದಲ್ಲಿಯೇ ಒಂದು ಒಳ್ಳೆಯ ಪಾಠವಿದೆ. ಅಂಬೇಡ್ಕರ್ ಬೀದಿಯ ಒಂದು ಬದಿಗೆ ವಿಧಾನಸೌಧ, ಇನ್ನೊಂದು ಬದಿಗೆ ಅಠಾರಾ ಕಚೇರಿ. ಒಂದು 1956ರಲ್ಲಿ ಮುಗಿದ ಕಲ್ಲಿನ ಭವನ. ಮತ್ತೊಂದು 1868ರಲ್ಲಿ ಮುಗಿದ ಕೆಂಪು ಕಟ್ಟಡ, ಈಗಿನ ಉಚ್ಚ ನ್ಯಾಯಾಲಯ. ಇವೆರಡೂ ಒಂದಕ್ಕೊಂದು ಮುಖಮಾಡಿ ನಿಂತಿವೆ. ಆದುದರಿಂದ ಬೆಳಗಿನ ಬಿಸಿಲು ವಿಧಾನಸೌಧದ ಮೆಟ್ಟಿಲು, ಕಂಬಗಳ ಮೇಲೆ ಬೀಳುವಾಗ ಅಠಾರಾ ಕಚೇರಿಯ ಮುಂಭಾಗ ನೆರಳಿನಲ್ಲಿರುತ್ತದೆ. ಸಾಯಂಕಾಲ ಆ ಭಾಗ್ಯ ಕೆಂಪು ಕಟ್ಟಡಕ್ಕೆ ಸಲ್ಲುತ್ತದೆ. ಒಂದೇ ಗಳಿಗೆಯಲ್ಲಿ ಎರಡನ್ನೂ ಚೆನ್ನಾಗಿ ತೆಗೆಯಬೇಕೆಂದು ಹೊರಟವನು ಎರಡನ್ನೂ ಕೆಡಿಸುವನು. ಆಮೇಲೆ ಮನೆಯಲ್ಲಿ ಕುಳಿತು, ನೆರಳನ್ನು ಬೆಳಗಿಸಿ, ಬಣ್ಣವನ್ನು ಏರಿಸಿ, ಸೂರ್ಯನು ಮಾಡದ ಕೆಲಸವನ್ನು ಯಂತ್ರದಿಂದ ಮಾಡಿಸಲು ಹೆಣಗುವನು. ತಿದ್ದುಪಡಿಯ ಬಹುಪಾಲು ಹುಟ್ಟುವುದು ಹೀಗೆ, ಹೊತ್ತು ತಪ್ಪಿ ಹೋದದ್ದರಿಂದ.

ನಡುಹಗಲಿನಲ್ಲಿ ಹೋದರೆ ಇನ್ನೂ ಕಷ್ಟ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ, ಮಧ್ಯಾಹ್ನದ ಸೂರ್ಯನು ನಮ್ಮ ನೆತ್ತಿಗೆ ನೇರವಾಗಿ ಬರುತ್ತಾನೆ. ನೆಟ್ಟ ಕೋಲಿನ ನೆರಳು ಅದರ ಕಾಲಡಿಯಲ್ಲಿಯೇ ಅಡಗುತ್ತದೆ. ಗೋಡೆಯ ಉಬ್ಬುತಗ್ಗುಗಳು, ಕಂಬದ ದುಂಡು, ಕಮಾನಿನ ಆಳ ಇವೆಲ್ಲ ಕಣ್ಣಿಗೆ ಕಾಣುವುದು ಪಕ್ಕದಿಂದ ಬೀಳುವ ನೆರಳಿನಿಂದ. ನೆರಳಿಲ್ಲದ ಕಟ್ಟಡ ಉಪ್ಪಿಲ್ಲದ ಅಡುಗೆಯಂತೆ ಸಪ್ಪೆ. ಆದುದರಿಂದ ಬೆಳಗ್ಗೆ ಒಂಬತ್ತಕ್ಕೆ ಮೊದಲು ಅಥವಾ ಸಂಜೆ ನಾಲ್ಕರ ಮೇಲೆ ಹೊರಡುವುದು ಮೇಲು.

ಎರಡನೆಯ ಮಾತು, ನೆಟ್ಟಗೆ ಹಿಡಿಯುವುದು. ಎತ್ತರದ ಕಟ್ಟಡದ ಹತ್ತಿರ ನಿಂತು ಕ್ಯಾಮರಾವನ್ನು ಮೇಲಕ್ಕೆತ್ತಿದರೆ, ಕಟ್ಟಡದ ಎರಡು ಅಂಚುಗಳೂ ಮೇಲೆ ಹೋದಂತೆ ಒಂದರ ಕಡೆಗೊಂದು ಬಾಗಿ, ಇಡೀ ಸೌಧವೇ ಹಿಂದಕ್ಕೆ ಒರಗಿದಂತೆ ಕಾಣುತ್ತದೆ. ಹಳೆಯ ಕಾಲದ ಮುಕ್ಕಾಲಿಯ ಮೇಲಿನ ದೊಡ್ಡ ಕ್ಯಾಮರಾಗಳಲ್ಲಿ ಮಸೂರವಿರುವ ಮುಂದಿನ ಹಲಗೆಯನ್ನು ಮಾತ್ರ ಮೇಲಕ್ಕೆ ಸರಿಸುವ ಅನುಕೂಲವಿತ್ತು. ಕ್ಯಾಮರಾವನ್ನು ಬಾಗಿಸದೆಯೇ ಗೋಪುರದ ತುದಿಯನ್ನು ಚಿತ್ರದೊಳಕ್ಕೆ ತರಬಹುದಾಗಿತ್ತು. ಇಂದಿನ ತಿದ್ದುವ ಯಂತ್ರಾಂಶಗಳು ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಅದೇ ಕೆಲಸವನ್ನು ಮಾಡುತ್ತವೆ. ಇದು ಸುಳ್ಳಲ್ಲ. ಕಟ್ಟಡ ನಿಜವಾಗಿಯೂ ನೆಟ್ಟಗಿದೆ, ಬಾಗಿದ್ದು ಕ್ಯಾಮರಾ. ಆದರೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನಿಂತಿದ್ದರೆ ಈ ತಿದ್ದುಪಡಿಯೇ ಬೇಕಿರಲಿಲ್ಲವೆಂಬುದನ್ನೂ ಮರೆಯಬಾರದು.

ಇನ್ನು ತಿದ್ದುವ ವಿಚಾರ. ಛಾಯಾಚಿತ್ರದ ತಿದ್ದುಪಡಿ ಗಣಕಯಂತ್ರ ಬಂದ ಮೇಲೆ ಹುಟ್ಟಿದ ಪಾಪವೆಂದು ಅನೇಕರು ತಿಳಿದಿದ್ದಾರೆ. ಅದು ಛಾಯಾಚಿತ್ರದಷ್ಟೇ ಹಳೆಯದು. ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, 1854ನೆಯ ಇಸವಿಯ ಕೊನೆಯಲ್ಲಿ ಲಿನೇಯಸ್ ಟ್ರೈಪ್ ಎಂಬ ಈಸ್ಟ್ ಇಂಡಿಯಾ ಕಂಪೆನಿಯ ಸೇನಾಧಿಕಾರಿ ಬೇಲೂರು ಹಳೇಬೀಡುಗಳಿಗೆ ಹೋಗಿ ದೇವಾಲಯಗಳ ಚಿತ್ರಗಳನ್ನು ತೆಗೆದನು. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವು ಜನರ ಮೆಚ್ಚುಗೆಗೆ ಪಾತ್ರವಾದುವು. ಅನಂತರ ಅವನು ಬರ್ಮಾ ದೇಶಕ್ಕೆ ಹೋದ ನಿಯೋಗದ ಚಿತ್ರಗಾರನಾದನು. ಆ ಮೇಲೆ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ, ನಮಗೆ ಹತ್ತಿರದ ರಾಯಕೋಟೆಯಿಂದ ಮೊದಲ್ಗೊಂಡು ಮಧುರೆ, ತಂಜಾವೂರುಗಳವರೆಗೆ ತಿರುಗಿದನು.

ಈತನ ಕಾಲದ ಕಾಗದದ ನೆಗೆಟಿವ್ ನೀಲಿ ಬಣ್ಣಕ್ಕೆ ಅತಿಯಾಗಿ ಒಲಿಯುತ್ತಿತ್ತು; ಕೆಂಪು ಹಸುರುಗಳಿಗೆ ಬಹಳ ಮಂದ. ಹಾಗಾಗಿ ಕಲ್ಲೂ ಮರವೂ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬರಿಯ ಬಿಳಿಯ ಹಾಳೆಯಾಗುತ್ತಿತ್ತು. ಮೋಡದ ಸುಳಿವೂ ಉಳಿಯುತ್ತಿರಲಿಲ್ಲ. ಟ್ರೈಪ್ ಏನು ಮಾಡಿದನು? ತನ್ನ ಅನೇಕ ನೆಗೆಟಿವ್‌ಗಳ ಮೇಲೆ ಕುಂಚದಿಂದ ಬಣ್ಣ ಹಚ್ಚಿ ಮೋಡಗಳನ್ನು ಬರೆದನು. ಗಿಡಗಳ ಎಲೆಗಳನ್ನೂ ಅಲ್ಲಲ್ಲಿ ತಿದ್ದಿದನು. ಇಂದು ನಾವು ಅವನ ಚಿತ್ರಗಳಲ್ಲಿ ನೋಡಿ ಮೆಚ್ಚುವ ಮೋಡಗಳಲ್ಲಿ ಹಲವು ಗಗನದಲ್ಲಿ ಎಂದೂ ತೇಲಿದವುಗಳಲ್ಲ. ಹಾಗೆಂದು ಅವನನ್ನು ಸುಳ್ಳುಗಾರನೆನ್ನಲು ನನಗೆ ಮನಸ್ಸಿಲ್ಲ. ಆ ಮೋಡಗಳನ್ನು ತೊಳೆದು ಹಾಕಿದರೂ ಗುಡಿಯ ಶಿಲ್ಪ, ಗೋಡೆಯ ಬಿರುಕು, ಮುರಿದ ಕಂಬ ಎಲ್ಲವೂ ಇದ್ದಂತೆಯೇ ಉಳಿಯುತ್ತವೆ. ಆತನು ತಿದ್ದಿದ್ದು ಯಂತ್ರದ ಕುರುಡನ್ನು, ಊರನ್ನಲ್ಲ.

ಇದಕ್ಕೂ ಹಿಂದಿನ ಒಂದು ಸಂಗತಿ. 1838ರಲ್ಲಿ ಪ್ಯಾರಿಸ್ ನಗರದಲ್ಲಿ ಡಾಗೇರ್ ಎಂಬಾತನು ಎತ್ತರದ ಕಿಟಕಿಯೊಂದರಿಂದ ಕೆಳಗಿನ ದೊಡ್ಡ ಬೀದಿಯ ಚಿತ್ರವನ್ನು ತೆಗೆದನು. ಗಾಡಿ ಕುದುರೆಗಳಿಂದ ಗಿಜಿಗುಟ್ಟುತ್ತಿದ್ದ ಬೀದಿ ಅದು. ಆದರೆ ತಟ್ಟೆಗೆ ಹಲವು ನಿಮಿಷಗಳ ಬೆಳಕು ಬೇಕಾಗಿತ್ತು. ಓಡಾಡುವವರು ಯಾರೂ ಅದರ ಮೇಲೆ ಅಚ್ಚಾಗುವಷ್ಟು ಹೊತ್ತು ಒಂದೆಡೆ ನಿಲ್ಲಲಿಲ್ಲ. ಚಿತ್ರದಲ್ಲಿ ಬೀದಿ ಪಾಳುಬಿದ್ದಂತಿದೆ. ಒಂದು ಮೂಲೆಯಲ್ಲಿ ಮಾತ್ರ ಒಬ್ಬ ಮನುಷ್ಯನ ಆಕೃತಿ ಸ್ಪಷ್ಟವಾಗಿದೆ. ಅವನು ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತಾ ನಿಂತಿದ್ದನು. ನಿಂತಿದ್ದರಿಂದ ಉಳಿದನು. ಅವನ ಹೆಸರು ಯಾರಿಗೂ ತಿಳಿಯದು. ಆದರೆ ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊತ್ತಮೊದಲ ಮನುಷ್ಯರಲ್ಲಿ ಒಬ್ಬನೆಂದು ಲೋಕವೆಲ್ಲಾ ಅವನನ್ನು ನೋಡುತ್ತಿದೆ. ಈ ಅನಾಮಧೇಯನನ್ನು ತಾವು ಸ್ವಲ್ಪ ನೆನಪಿನಲ್ಲಿಡಬೇಕು; ಇನ್ನೊಮ್ಮೆ ಅವನ ಬಳಿಗೆ ಬರುತ್ತೇನೆ.

ಹಾಗಾದರೆ ತಿದ್ದುಪಡಿಯಲ್ಲಿ ಯಾವುದು ಸಲ್ಲುವುದು, ಯಾವುದು ಸಲ್ಲದು? ನನಗೆ ತೋರುವಂತೆ ತಿದ್ದುಪಡಿ ಮೂರು ಬಗೆ. ಮೊದಲನೆಯದು ಯಂತ್ರದೋಷದ ಪರಿಹಾರ: ಬಾಗಿದ್ದನ್ನು ನೆಟ್ಟಗೆ ಮಾಡುವುದು, ಮಸೂರದ ಧೂಳಿನ ಕಲೆಯನ್ನು ತೆಗೆಯುವುದು, ಕಪ್ಪಿಟ್ಟ ಚಿತ್ರವನ್ನು ಕಣ್ಣಿಗೆ ಕಂಡಷ್ಟು ಬೆಳಗಿಸುವುದು. ಎರಡನೆಯದು ಒತ್ತು ಕೊಡುವುದು: ಅಂಚನ್ನು ಕತ್ತರಿಸುವುದು, ಒಂದು ಭಾಗವನ್ನು ತುಸು ಗಾಢ ಮಾಡುವುದು, ಬಣ್ಣವನ್ನು ಬಿಟ್ಟು ಕಪ್ಪುಬಿಳುಪಿಗೆ ತಿರುಗಿಸುವುದು. ಮಾತನಾಡುವವನು ಒಂದು ಶಬ್ದವನ್ನು ಒತ್ತಿ ಹೇಳುವಂತೆ ಇದು. ಮೂರನೆಯದು ವಸ್ತುವನ್ನೇ ಬದಲಿಸುವುದು: ಇದ್ದುದನ್ನು ಇಲ್ಲವಾಗಿಸುವುದು, ಇಲ್ಲದ್ದನ್ನು ಇರಿಸುವುದು. ಮೊದಲ ಎರಡು ವ್ಯಾಕರಣ ಮತ್ತು ಅಲಂಕಾರಗಳಿದ್ದಂತೆ; ಮೂರನೆಯದು ಸಾಕ್ಷಿಯ ಹೇಳಿಕೆಯನ್ನೇ ತಿರುಚಿದಂತೆ.

ಈ ಮೂರನೆಯ ದಾರಿಯಲ್ಲಿ ದೊಡ್ಡವರೂ ಎಡವಿದ್ದಾರೆ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಎಂಬ ಪ್ರಸಿದ್ಧ ಮಾಸಪತ್ರಿಕೆ ಈಜಿಪ್ಟಿನ ಗೀಝಾದ ಪಿರಮಿಡ್ಡುಗಳ ಚಿತ್ರವನ್ನು ರಕ್ಷಾಪುಟದಲ್ಲಿ ಅಚ್ಚುಮಾಡಿತು. ಚಿತ್ರ ಅಗಲವಾಗಿತ್ತು, ಪುಟ ಉದ್ದವಾಗಿತ್ತು. ಪಿರಮಿಡ್ಡುಗಳನ್ನು ಯಂತ್ರದಿಂದ ಒಂದರ ಬಳಿಗೊಂದನ್ನು ಸರಿಸಿ ಪುಟಕ್ಕೆ ಹೊಂದಿಸಿದರು. ನಾಲ್ಕು ಸಾವಿರ ವರ್ಷಗಳಿಗೂ ಮೇಲ್ಪಟ್ಟು ನಿಂತ ಜಾಗ ಬಿಟ್ಟು ಕದಲದ ಪರ್ವತದಂಥ ಕಟ್ಟಡಗಳು ಒಂದು ಪುಟದ ಅಳತೆಗಾಗಿ ಕದಲಿದುವು! ಓದುಗರಿಗೆ ಇದು ತಿಳಿದಾಗ ದೊಡ್ಡ ಗದ್ದಲವಾಯಿತು. ಪಿರಮಿಡ್ಡುಗಳಿಗೆ ನಷ್ಟವಾಗಲಿಲ್ಲ, ಅವು ಅಲ್ಲಿಯೇ ಇದ್ದುವು. ನಷ್ಟವಾದದ್ದು ಪತ್ರಿಕೆಯ ಮೇಲಿನ ನಂಬಿಕೆಗೆ.

ನಮ್ಮ ನಗರದಲ್ಲಿಯೂ ಇದೇ ನಡೆಯುತ್ತಿದೆ. ಲಾಲ್‌ಬಾಗಿನ ಹೆಬ್ಬಂಡೆಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ನಗರ ಇಲ್ಲಿಯವರೆಗೆ ಬೆಳೆಯಲಿ ಎಂದು ನಾಲ್ಕು ಕಡೆಗಳಲ್ಲಿ ನಿಲ್ಲಿಸಿದ ಎಲ್ಲೆಯ ಗುರುತುಗಳಲ್ಲಿ ಇದೂ ಒಂದೆಂಬ ಪ್ರತೀತಿ ಉಂಟು. ನಮ್ಮ ಕಾಲೇಜಿನ ಪ್ರದರ್ಶನಕ್ಕೆ ವಿದ್ಯಾರ್ಥಿಯೊಬ್ಬನು ಇದರ ಸೊಗಸಾದ ಚಿತ್ರವನ್ನು ತಂದನು. ಹಿಂದೆ ಬರಿಯ ಹೊಂಬಣ್ಣದ ಆಕಾಶ. "ಹಿಂದಿನ ಎತ್ತರದ ಮನೆಗಳೆಲ್ಲ ಏನಾದುವಪ್ಪಾ?" ಎಂದು ಕೇಳಿದೆನು. "ಅಸಹ್ಯವಾಗಿದ್ದುವು ಸರ್, ಅಳಿಸಿಬಿಟ್ಟೆ" ಎಂದನು. ಅವನ ಕೈಚಳಕವನ್ನು ಮೆಚ್ಚಿದೆನು. ಆದರೆ ಆ ಚಿತ್ರದಲ್ಲಿ ಹೇಳಬೇಕಾದ ಕಥೆಯೇ ಅಳಿದು ಹೋಗಿತ್ತು. ಇಲ್ಲಿಗೆ ಊರು ಮುಗಿಯಿತೆಂದು ಹೇಳುವ ಪುಟ್ಟ ಗೋಪುರ, ಅದರ ಬೆನ್ನ ಹಿಂದೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಬೆಳೆದ ಊರು. ಇವೆರಡನ್ನೂ ಒಂದೇ ಚೌಕಟ್ಟಿನಲ್ಲಿ ಕಂಡವನಿಗೇ ಗೋಪುರದ ಅರ್ಥವಾಗುವುದು. ಅಸಹ್ಯವೆಂದು ಅಳಿಸಿದ್ದೇ ಚಿತ್ರದ ಜೀವವಾಗಿತ್ತು.

ಅವನಿಗೆ ಇಷ್ಟು ಉಪದೇಶ ಮಾಡಿದ ನಾನು, ಅದೇ ಪ್ರದರ್ಶನದ ಗೋಡೆಯ ಮೇಲೆ ನನ್ನದೊಂದು ಚಿತ್ರವನ್ನೂ ತೂಗುಹಾಕಿದ್ದೆನು. ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ.

ನಮ್ಮ ಬ್ರೂಕ್‌ಫೀಲ್ಡಿಗೆ ಸ್ವಲ್ಪ ದೂರದಲ್ಲಿಯೇ ವೈಟ್‌ಫೀಲ್ಡ್. 1882ರಲ್ಲಿ ಚಾಮರಾಜೇಂದ್ರ ಒಡೆಯರು ಯುರೇಶಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ನೆಲವನ್ನು ದಯಪಾಲಿಸಿದರು. ಸಂಘದ ಸ್ಥಾಪಕ ಡಿ. ಎಸ್. ವೈಟ್ ಎಂಬವರ ಹೆಸರು ಊರಿಗೆ ನಿಂತಿತು. ಒಳಸುತ್ತು, ಹೊರಸುತ್ತು ಎಂದು ದುಂಡಗೆ ರಸ್ತೆಗಳನ್ನು ಹಾಕಿ, ಹೆಂಚಿನ ಮಾಡಿನ, ಅಗಲ ಜಗಲಿಯ ಮನೆಗಳನ್ನು ಕಟ್ಟಿದರು. ಮಾಹಿತಿ ತಂತ್ರಜ್ಞಾನದ ಕಂಪೆನಿಗಳು ಬಂದ ಮೇಲೆ ಆ ಮನೆಗಳು ಒಂದೊಂದಾಗಿ ಹೋಗತೊಡಗಿದುವು. ನಮ್ಮ ರಸ್ತೆಯಲ್ಲಿ ಮೆಟ್ರೋದ ಕಂಬಗಳು ಏಳುತ್ತಿದ್ದ ದಿನಗಳಲ್ಲಿ ಒಂದು ಭಾನುವಾರ ಬೆಳಗ್ಗೆ, ಉಳಿದಿದ್ದ ಅಂತಹ ಮನೆಯೊಂದರ ಚಿತ್ರ ತೆಗೆಯಲು ಹೋದೆನು. ಹೊತ್ತು ಸರಿಯಾಗಿತ್ತು, ಬಿಸಿಲು ಪಕ್ಕದಿಂದ ಬಂದು ಜಗಲಿಯ ಮರದ ಜಾಲರಿಯನ್ನು ಗೋಡೆಯ ಮೇಲೆ ನೆರಳಾಗಿ ಬಿಡಿಸಿತ್ತು. ಗೇಟಿನ ಬಳಿ ವಯಸ್ಸಾದ ಮಾಲಿಯೊಬ್ಬರು ಕಸ ಗುಡಿಸುತ್ತಿದ್ದರು. ನನ್ನನ್ನು ಕಂಡು ಕಡ್ಡಿಪೊರಕೆಯನ್ನು ಗೇಟಿನ ಕಂಬಕ್ಕೆ ಒರಗಿಸಿ, ಹೆಗಲ ಮೇಲಿನ ಟವಲನ್ನು ಸರಿಮಾಡಿಕೊಂಡು, "ನಾನೂ ಬರ್ತೀನಾ ಸ್ವಾಮಿ ಫೋಟೋದಾಗೆ?" ಎಂದು ಕೇಳಿದರು. "ಬನ್ನಿ" ಎಂದೆನು. ನೆಟ್ಟಗೆ ನಿಂತರು. ನಾನು ಹೊರಡುವಾಗ "ನನಗೊಂದು ಕೊಡ್ತೀರಾ?" ಎಂದರು. "ಆಗಲಿ" ಎಂದೆನು.

ಮನೆಗೆ ಬಂದು ತಿದ್ದಲು ಕುಳಿತೆನು. ಮೊದಲು ವಿದ್ಯುತ್ ತಂತಿ ಹೋಯಿತು. ಬಳಿಕ ಗೇಟಿನ ಮೇಲಿದ್ದ 'ಮಾರಾಟಕ್ಕಿದೆ' ಎಂಬ ಹಲಗೆ. ಕೈಗೆ ರುಚಿ ಹತ್ತಿದ ಮೇಲೆ ಎಲ್ಲಿಯೂ ತಡೆಯಿಲ್ಲ. ಮಾಲಿಯವರು ಚಿತ್ರದ ಸಮತೋಲವನ್ನು ಕೆಡಿಸುತ್ತಿದ್ದಾರೆಂದು ತೋರಿತು. ಅವರೂ ಹೋದರು. ಪೊರಕೆಯನ್ನು ಮಾತ್ರ ಉಳಿಸಿದೆನು. ಅದು ಹಳೆಯ ಮನೆಯ ಮುಂದೆ ಕಲಾತ್ಮಕವಾಗಿ ಕಾಣುತ್ತಿತ್ತು. ತಿದ್ದಿದ್ದನ್ನು ಇಟ್ಟುಕೊಂಡು, ಜಾಗ ಸಾಲದೆಂದು ಮೂಲಚಿತ್ರವನ್ನು ಅಳಿಸಿಹಾಕಿದೆನು. ಕೊಟ್ಟ ಮಾತನ್ನು ಮರೆತೆನು. ಎರಡು ವರ್ಷದೊಳಗೆ ಆ ಮನೆ ನೆಲಸಮವಾಯಿತು.

ಪ್ರದರ್ಶನದ ದಿನ ನಮ್ಮ ಎರಡನೆಯ ವರ್ಷದ ತರಗತಿಯ ಹುಡುಗಿಯೊಬ್ಬಳು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದು, ಆಮೇಲೆ ನನ್ನ ಬಳಿಗೆ ಬಂದಳು. "ಸರ್, ಆ ಪೊರಕೆ ನಮ್ಮ ತಾತನದು. ಹಿಡಿಗೆ ಕೆಂಪು ಬಟ್ಟೆ ಸುತ್ತಿದ್ದು ನಾನೇ. ಯಾರೋ ಮೇಷ್ಟ್ರು ಫೋಟೋ ತೆಗೆದುಕೊಂಡು ಹೋದರು, ತಂದುಕೊಡುತ್ತಾರೆ ಎಂದು ಹೇಳುತ್ತಿದ್ದರು. ತಾತ ಹೋದ ವರ್ಷ ತೀರಿಕೊಂಡರು. ಅವರ ಬೇರೆ ಫೋಟೋಗಳಿವೆ. ಆ ಮನೆಯ ಮುಂದೆ ನಿಂತದ್ದು ಒಂದೂ ಇಲ್ಲ. ಮೂವತ್ತು ವರ್ಷ ಅಲ್ಲಿ ಕೆಲಸ ಮಾಡಿದರು. ಅದರಲ್ಲಿ ಅವರೂ ಇದ್ದರೇ ಸರ್?"

ಇದ್ದರು ಎಂದೆನು. ಬೇರೆ ಏನನ್ನೂ ಹೇಳಲಾರದೆ ಹೋದೆನು. ಅವಳು ಕೋಪಗೊಳ್ಳಲಿಲ್ಲ, ಪೊರಕೆಯಿರುವ ಆ ಚಿತ್ರದ ಒಂದು ಪ್ರತಿಯನ್ನು ಕೇಳಿದಳು. ಕೊಟ್ಟೆನು. ಅಳಿಸಿದ ಮೂಲವನ್ನು ಹಿಂದಕ್ಕೆ ಪಡೆಯಲು ನಾನು ಪಟ್ಟ ಪ್ರಯತ್ನಗಳು ಫಲಿಸಲಿಲ್ಲ. ಅಳಿಸಿದ ಜಾಗದಲ್ಲಿ ಬೇಕಾದ ಮನುಷ್ಯನನ್ನು ಹುಟ್ಟಿಸಿ ಕೊಡುವ ಯಂತ್ರಗಳು ಈಗ ಬಂದಿವೆ ಎಂದು ಸ್ನೇಹಿತರೊಬ್ಬರು ಹೇಳಿದರು. ಹಾಗೆ ಹುಟ್ಟಿಸಿದವರು ಅವಳ ತಾತ ಆಗುವುದಿಲ್ಲ. ಮೊದಲನೆಯ ಸುಳ್ಳನ್ನು ಎರಡನೆಯದರಿಂದ ಮುಚ್ಚುವುದು ನನಗೆ ಬೇಕಾಗಲಿಲ್ಲ.

ಪ್ಯಾರಿಸಿನ ಆ ಮನುಷ್ಯನು ನಿಂತಿದ್ದನು, ಆದುದರಿಂದ ಉಳಿದನು ಎಂದು ಹೇಳಿದೆನಷ್ಟೆ. ಅಂದು ಓಡಾಡುವವರನ್ನು ಅಳಿಸಿದ್ದು ಯಂತ್ರದ ಅಶಕ್ತಿ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ನಮ್ಮ ಮಾಲಿಯವರೂ ನಿಂತಿದ್ದರು, ಕೇಳಿಯೇ ನಿಂತಿದ್ದರು. ನನ್ನ ಕ್ಯಾಮರಾಕ್ಕೆ ಅವರು ಕಾಣಿಸಿದರು. ಅಳಿಸಿದ್ದು ಯಂತ್ರವಲ್ಲ, ನಾನು.

ಈ ಅನುಭವದಿಂದ ನಾನು ಪಾಲಿಸುತ್ತಿರುವ ಕೆಲವು ನಿಯಮಗಳನ್ನು ಹೇಳಿ ಮುಗಿಸುತ್ತೇನೆ. ಒಂದು: ಮೂಲಚಿತ್ರವನ್ನು ಎಂದಿಗೂ ಅಳಿಸಬಾರದು. ತಿದ್ದುವುದೆಲ್ಲ ಪ್ರತಿಯ ಮೇಲೆ ನಡೆಯಲಿ. ಮೂಲವನ್ನು ಎರಡು ಬೇರೆ ಬೇರೆ ಕಡೆ ಇಡಬೇಕು. ಎರಡು: ಚಿತ್ರದೊಡನೆ ಸ್ಥಳ, ದಿನ, ಹೊತ್ತು, ನಿಂತ ದಿಕ್ಕು ಇವನ್ನು ಬರೆದಿಡಬೇಕು, ಇಪ್ಪತ್ತು ವರ್ಷಗಳ ಮೇಲೆ ನೋಡುವವರಿಗೆ ಚಿತ್ರಕ್ಕಿಂತ ಈ ಒಂದು ಸಾಲು ಹೆಚ್ಚು ಬೆಲೆಯುಳ್ಳದ್ದಾಗಬಹುದು. ಮೂರು: ಏನನ್ನಾದರೂ ತೆಗೆದಿದ್ದರೆ ಅಥವಾ ಸೇರಿಸಿದ್ದರೆ ಅದನ್ನು ಚಿತ್ರದ ಕೆಳಗೆ ಹೇಳಿಬಿಡಬೇಕು, ಹೇಳಲು ನಾಚಿಕೆಯಾದರೆ ಆ ತಿದ್ದುಪಡಿ ಬೇಡವೆಂದೇ ಅರ್ಥ. ನಾಲ್ಕು: ಗುರುತಿನ ಕಟ್ಟಡದ ಒಂದು ಸುಂದರವಾದ ಚಿತ್ರವನ್ನು ತೆಗೆದ ಮೇಲೆ, ತಂತಿ, ಹಲಗೆ, ಗಾಡಿ, ಜನ ಎಲ್ಲವೂ ಇರುವ ಇನ್ನೊಂದನ್ನೂ ತೆಗೆಯಬೇಕು. ಮೊದಲನೆಯದು ನಮಗೆ, ಎರಡನೆಯದು ಮುಂದಿನವರಿಗೆ. ಐದನೆಯದನ್ನು ನಿಯಮವೆನ್ನುವುದಕ್ಕಿಂತ ಋಣವೆನ್ನಬೇಕು: ಚಿತ್ರದಲ್ಲಿ ನಿಂತವರಿಗೆ ಕೊಡುತ್ತೇನೆಂದ ಪ್ರತಿಯನ್ನು ಆ ವಾರವೇ ಕೊಟ್ಟುಬಿಡಬೇಕು.

ಇದೆಲ್ಲ ವಿಧಾನಸೌಧದಂಥ ದೊಡ್ಡ ಕಟ್ಟಡಗಳ ಮಾತಲ್ಲವೆಂದು ತಾವು ಹೇಳಬಹುದು. ನಿಜ. ಅಠಾರಾ ಕಚೇರಿಯನ್ನು 1980ರ ದಶಕದಲ್ಲಿ ಕೆಡವುವ ಪ್ರಸ್ತಾಪ ಬಂದಾಗ ನಗರದ ಜನ ಎದುರು ನಿಂತರು, ಅದು ಉಳಿಯಿತು. ದೊಡ್ಡ ಗುರುತುಗಳಿಗೆ ಹೀಗೆ ವಾದಿಸುವವರು ಇರುತ್ತಾರೆ. ಬ್ರೂಕ್‌ಫೀಲ್ಡಿನ ಮರಕ್ಕೂ ಅಂಗಡಿಗೂ ವೈಟ್‌ಫೀಲ್ಡಿನ ಹೆಂಚಿನ ಮನೆಗೂ ಅಂಥವರು ದೊರೆಯುವುದು ವಿರಳ. ಅವುಗಳ ಪಾಲಿಗೆ ಉಳಿಯುವ ಸಾಕ್ಷಿ ಯಾವನೋ ದಾರಿಹೋಕನು ತೆಗೆದ ಒಂದು ಚಿತ್ರ. ಆ ಸಾಕ್ಷಿಯ ಬಾಯಲ್ಲಿ ಸುಳ್ಳು ಹೇಳಿಸದಿರುವಷ್ಟು ಮರ್ಯಾದೆ ನಮ್ಮಲ್ಲಿರಲಿ.

ಮುಂದಿನ ಭಾನುವಾರ ಬೆಳಗ್ಗೆ ತಮ್ಮ ತಮ್ಮ ಬೀದಿಯ ಗುರುತೊಂದರ ಚಿತ್ರವನ್ನು ತಾವೂ ತೆಗೆಯುವಿರೆಂದು ನಂಬಿದ್ದೇನೆ. ಅದರ ಮುಂದೆ ಯಾರಾದರೂ ಪೊರಕೆ ಹಿಡಿದು ನಿಂತಿದ್ದರೆ, ಅವರು ಅಲ್ಲಿಯೇ ಇರಲಿ.